ಗಾಳಿಗೆ ಬೀಳದ ಸ್ಟ್ಯಾಂಡು

ಕೀಬೋರ್ಡಿಗೆ 60 ಸಾವಿರ ಕೊಡ್ತೀವಿ. ಮೈಕಿಗೆ 8 ಸಾವಿರ ಅಂದ್ರೂ ಹುಬ್ಬೇರಿಸಲ್ಲ. ಹಾಡಿನ ಪುಸ್ತಕ ಇಡೋ ಸ್ಟ್ಯಾಂಡಿನ ವಿಷಯ ಬಂದಾಗ ಮಾತ್ರ ‘ಐನೂರಕ್ಕೆ ಸಿಗೋದು ಇಲ್ವಾ?’ ಅಂತ ಕೇಳ್ತೀವಿ. ಸುಗಮ ಸಂಗೀತದ ತಂಡ ಇರಲಿ, ಮದುವೆ ಆರತಕ್ಷತೆಯ ಆರ್ಕೆಸ್ಟ್ರಾ ಇರಲಿ, ಶನಿವಾರ ರಾತ್ರಿ ಪಬ್ಬಿನಲ್ಲಿ ನುಡಿಸುವ ಹುಡುಗರ ಬ್ಯಾಂಡ್ ಇರಲಿ, ನಾನು ಕಂಡ ಕಡೆಯೆಲ್ಲ ಇದೇ ಕಥೆ. ಸ್ಟ್ಯಾಂಡು ಅಂದ್ರೆ ಕೊನೆಗೆ ಉಳಿದ ದುಡ್ಡಿನಲ್ಲಿ ಕೊಳ್ಳೋ ಸಾಮಾನು.

ನಮ್ಮದು ಏಳು ಜನರ ತಂಡ. ನಾಲ್ವರಿಗೆ ಸೋಮವಾರದಿಂದ ಶುಕ್ರವಾರದವರೆಗೆ ಬೇರೆ ಕೆಲಸ ಇದೆ. ನಾನು ಕೋಡ್ ಬರೆಯೋನು, ವಾರಾಂತ್ಯಕ್ಕೆ ಕೀಬೋರ್ಡ್ ನುಡಿಸೋನು. ಉಳಿದ ಮೂವರಿಗೆ ಸಂಗೀತವೇ ಅನ್ನ. ಆ ಮೂವರಲ್ಲಿ ಹಿರಿಯರು ನಮ್ಮ ಗಾಯಕಿ. ನಾವೆಲ್ಲ ಅಕ್ಕ ಅಂತಲೇ ಕರೆಯೋದು. ಅವರ ಹತ್ತಿರ ಉದ್ದನೆಯ ನಾಲ್ಕು ನೋಟ್‌ಬುಕ್ಕುಗಳಿವೆ. ಕಣ್ಣಿನ ಪೊರೆಯ ಆಪರೇಷನ್ ಆದಮೇಲೆ ಎಲ್ಲ ಹಾಡುಗಳನ್ನೂ ದಪ್ಪಕ್ಷರದಲ್ಲಿ ಮತ್ತೆ ಬರೆದುಕೊಂಡಿದ್ದಾರೆ. ಮೂಲೆಯಲ್ಲಿ ಶ್ರುತಿ, ಉಸಿರು ತಗೊಳ್ಳೋ ಕಡೆ ಒಂದು ಸಣ್ಣ ಗೀಟು, ಎರಡು ಸಲ ಹಾಡಬೇಕಾದ ಸಾಲಿನ ಪಕ್ಕ ಕೆಂಪು ಚುಕ್ಕಿ. ಅದು ಬರೀ ಪುಸ್ತಕ ಅಲ್ಲ, ಅವರ ಇಡೀ ಕಸುಬು ಅದರಲ್ಲಿದೆ.

ಹೋದ ವರ್ಷ ಗಣೇಶನ ಹಬ್ಬದ ಹೊತ್ತಿನಲ್ಲಿ ಒಂದು ಬಯಲು ವೇದಿಕೆ. ಮೈಕ್ ಸೆಟ್ಟಿನವರೇ ತಂದಿಟ್ಟ ತಂತಿ ಸ್ಟ್ಯಾಂಡು. ಎರಡನೇ ಹಾಡಿನ ಮೊದಲ ಚರಣದಲ್ಲಿ ಹಿಂದಿನಿಂದ ಒಂದು ಗಾಳಿ ಬಂತು. ಸ್ಟ್ಯಾಂಡು ಏನೂ ಅವಸರ ಮಾಡದೆ, ನಮಸ್ಕಾರ ಮಾಡೋ ಹಾಗೆ ಮುಂದಕ್ಕೆ ಬಾಗಿ ವೇದಿಕೆಯಿಂದ ಕೆಳಗೆ ಹೋಯಿತು. ನೋಟ್‌ಬುಕ್ ಮಳೆನೀರು ನಿಂತಿದ್ದ ಜಾಗದಲ್ಲಿ ಬಿತ್ತು. ಅಕ್ಕ ಹಾಡು ನಿಲ್ಲಿಸಲಿಲ್ಲ. ಪಲ್ಲವಿಯನ್ನೇ ಎರಡು ಸಲ ಹಾಡಿ ತಬಲಾದವರ ಕಡೆ ನೋಡಿದರು, ಅವರು ಅರ್ಥ ಮಾಡಿಕೊಂಡು ಮುಕ್ತಾಯ ಕೊಟ್ಟರು. ಜನ ಚಪ್ಪಾಳೆ ತಟ್ಟಿದರು. ಅರ್ಧಕ್ಕರ್ಧ ಜನಕ್ಕೆ ಏನಾಯ್ತು ಅಂತಲೇ ಗೊತ್ತಾಗಿರಲಿಕ್ಕಿಲ್ಲ.

ನಷ್ಟ ಆಮೇಲೆ ಕಾಣಿಸಿತು. ಅಲ್ಲಿಂದ ಮುಂದೆ ಅಕ್ಕ ಬಾಯಿಪಾಠ ಇರೋ ಹಾಡು ಮಾತ್ರ ಹಾಡತೊಡಗಿದರು. ಹೊಸ ಕವಿತೆಗೆ ನಾವು ರಾಗ ಹಾಕಿಕೊಂಡು ಹೋದರೆ, ‘ಚೆನ್ನಾಗಿದೆ ಕಣಪ್ಪಾ, ಆದ್ರೆ ಈ ಸಲ ಬೇಡ, ಹಳೇದೇ ಇರಲಿ’ ಅನ್ನೋರು. ನಮ್ಮ ಪಟ್ಟಿ ಹದಿನಾಲ್ಕು ಹಾಡಿಗೆ ಇಳಿಯಿತು. ಕರೆಸುವವರೂ ದಡ್ಡರಲ್ಲ, ‘ಹೋದ ಸಲಾನೂ ಇದನ್ನೇ ಹಾಡಿದ್ರಲ್ವಾ’ ಅಂತ ಫೋನಿನಲ್ಲೇ ಕೇಳಿದರು. ಸಂಗೀತದಿಂದಲೇ ಮನೆ ನಡೆಯುವವರಿಗೆ ಈ ಪ್ರಶ್ನೆಯ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಶಾಸ್ತ್ರೀಯ ಕಛೇರಿ ಕೇಳಿ ಬೆಳೆದ ಕೆಲವರು ವೇದಿಕೆ ಮೇಲೆ ಸ್ಟ್ಯಾಂಡ್ ಕಂಡರೆ ಮೂಗು ಮುರೀತಾರೆ. ‘ನೋಡಿಕೊಂಡು ಹಾಡೋದು ಒಂದು ಹಾಡಾ?’ ಅಂತ. ಅವರ ಮಾತಲ್ಲಿ ನ್ಯಾಯ ಇಲ್ಲ ಅಂತಲ್ಲ. ಆದರೆ ಕೃತಿ ಹಾಡೋರು ಒಂದು ಕೃತಿಯ ಜೊತೆ ಹತ್ತು ವರ್ಷ ಬದುಕಿರ್ತಾರೆ. ನಮಗೆ ಗುರುವಾರ ಫೋನ್ ಮಾಡಿ ‘ಭಾನುವಾರಕ್ಕೆ ನಮ್ಮ ಊರಿನ ಕವಿಯ ಎರಡು ಹಾಡು ಸೇರಿಸಿ’ ಅಂತಾರೆ. ಅದೂ ಅಲ್ಲದೆ ಸುಗಮ ಸಂಗೀತದಲ್ಲಿ ಮಾತೇ ಮುಖ್ಯ. ಬೇಂದ್ರೆಯವರ ಒಂದು ಪದ ಆಚೀಚೆ ಆದರೆ ಮೂರನೇ ಸಾಲಿನಲ್ಲಿ ಕೂತ ನಿವೃತ್ತ ಕನ್ನಡ ಮೇಷ್ಟ್ರು ಕಾರ್ಯಕ್ರಮ ಮುಗಿದ ಮೇಲೆ ಹುಡುಕಿಕೊಂಡು ಬರ್ತಾರೆ. ಅವರು ಬರೋದೇ ಸರಿ ಕೂಡ.

ಹೀಗಾಗಿ ಒಳ್ಳೇ ಸ್ಟ್ಯಾಂಡ್ ಹುಡುಕೋ ಕೆಲಸ ನನ್ನ ಪಾಲಿಗೆ ಬಂತು. ‘ನೀನು ಇಂಜಿನಿಯರ್ ಅಲ್ವಾ’ ಅನ್ನೋ ಮಾತಿಗೆ ನಮ್ಮಲ್ಲಿ ಉತ್ತರ ಇಲ್ಲ.

ಮೊದಲು ಅದು ಯಾಕೆ ಬೀಳುತ್ತೆ ಅನ್ನೋದು. ಮೂರು ಕಾಲು ಇದೆ, ನಡುವಿನಿಂದ ಒಂದೊಂದು ಕಾಲಿನ ತುದಿಗೆ 28 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ನೋಡಿದರೆ ಅಗಲವಾಗೇ ಕಾಣುತ್ತೆ. ಆದರೆ ಸ್ಟ್ಯಾಂಡು ಕಾಲಿನ ಮೇಲೆ ಬೀಳಲ್ಲ, ಎರಡು ಕಾಲುಗಳ ಮಧ್ಯೆ ಬೀಳುತ್ತೆ. ಎರಡು ಕಾಲಿನ ತುದಿಗಳನ್ನು ಸೇರಿಸುವ ಗೆರೆ ನಡುವಿನಿಂದ ಎಷ್ಟು ದೂರ? ಸರಿಯಾಗಿ ಅರ್ಧ, 14 ಸೆಂಟಿಮೀಟರ್. ನಮ್ಮ ಸ್ಟ್ಯಾಂಡಿನ ನಿಜವಾದ ಪಾದ ಅಷ್ಟೇ.

ಈಗ ಲೆಕ್ಕ. ಮಾಮೂಲಿ ತಂತಿ ಸ್ಟ್ಯಾಂಡಿನ ತೂಕ ಸುಮಾರು ಒಂದು ಕೆ.ಜಿ. ಅದರ ಮೇಲೆ 400 ಗ್ರಾಮಿನ ನೋಟ್‌ಬುಕ್. 1400ನ್ನು 14ರಿಂದ ಗುಣಿಸಿ: ಸುಮಾರು 20 ಸಾವಿರ. ಇದು ಅದು ನಿಂತಿರೋ ಶಕ್ತಿ ಅನ್ನಿ. ಇನ್ನು ಬೀಳಿಸೋ ಶಕ್ತಿ. ಗಂಟೆಗೆ 18 ಕಿಲೋಮೀಟರ್ ಗಾಳಿ ಅಂದರೆ ಬಿರುಗಾಳಿಯೇನಲ್ಲ. ಎಲೆ, ಸಣ್ಣ ರೆಂಬೆ ಅಲ್ಲಾಡ್ತಾ ಇರುತ್ತೆ ಅಷ್ಟೇ. ಬಿಚ್ಚಿಟ್ಟ ಉದ್ದನೆಯ ನೋಟ್‌ಬುಕ್ಕಿಗೆ ಅದು ನೇರವಾಗಿ ಬಡಿದರೆ ಸುಮಾರು 230 ಗ್ರಾಂ ತೂಕದಷ್ಟು ತಳ್ಳುತ್ತೆ. ಪುಸ್ತಕ ಇರೋದು ನೆಲದಿಂದ 110 ಸೆಂಟಿಮೀಟರ್ ಎತ್ತರದಲ್ಲಿ. ಗುಣಿಸಿದರೆ 25 ಸಾವಿರ ದಾಟಿತು. ಇಪ್ಪತ್ತಕ್ಕಿಂತ ಇಪ್ಪತ್ತೈದು ದೊಡ್ಡದು, ಸ್ಟ್ಯಾಂಡು ಬಿತ್ತು. ಅಕ್ಕನ ನೋಟ್‌ಬುಕ್ ನೀರಿಗೆ ಹೋಗಿದ್ದು ಯಾರ ದೃಷ್ಟಿಯಿಂದಲೂ ಅಲ್ಲ.

ಮೂರು ಕೆ.ಜಿ. ಸ್ಟ್ಯಾಂಡು, ಕಾಲಿನ ಚಾಚು 34 ಸೆಂಟಿಮೀಟರ್ ಆದರೆ? ಪುಸ್ತಕ ಸೇರಿ 3400 ಗುಣಿಸು 17, ಸುಮಾರು 58 ಸಾವಿರ. ಅದರ ಹಲಗೆ ದೊಡ್ಡದು ಇರೋದರಿಂದ ಗಾಳಿಯ ತಳ್ಳೂ ಜಾಸ್ತಿ, 35 ಸಾವಿರದ ಹತ್ತಿರ. ಆದರೂ ನಿಲ್ಲುತ್ತೆ. ಗಾಳಿಯ ವೇಗ ಎರಡರಷ್ಟಾದರೆ ತಳ್ಳು ನಾಲ್ಕರಷ್ಟಾಗುತ್ತೆ. ಆಗ ಇದೂ ಬೀಳುತ್ತೆ. ಮಡಚುವ ಸ್ಟ್ಯಾಂಡು ಯಾವುದೇ ಇರಲಿ, ಅಂಥ ಗಾಳಿಗೆ ವೇದಿಕೆಯ ಕಂಬಕ್ಕೆ ಹಗ್ಗದಲ್ಲಿ ಕಟ್ಟೋದೇ ದಾರಿ. ‘ಗಾಳಿ ಮಳೆಗೆ ಜಗ್ಗಲ್ಲ’ ಅಂತ ಜಾಹೀರಾತಿನಲ್ಲಿ ಬರೆದಿದ್ದರೆ ನಂಬಬೇಡಿ.

ಈ ಲೆಕ್ಕದಿಂದ ಎರಡು ಪುಕ್ಕಟೆ ಉಪಾಯ ಸಿಕ್ಕವು. ಒಂದು, ಸ್ಟ್ಯಾಂಡನ್ನು ತಿರುಗಿಸಿ ಒಂದು ಕಾಲು ಅದು ಬೀಳಬಹುದಾದ ದಿಕ್ಕಿಗೇ ಇರೋ ಹಾಗೆ ಇಡೋದು. ಗಾಳಿ ಬೆನ್ನ ಹಿಂದಿನಿಂದ ಅಂದರೆ ಒಂದು ಕಾಲು ಪ್ರೇಕ್ಷಕರ ಕಡೆಗೆ. ಆ ದಿಕ್ಕಿನಲ್ಲಿ 14ರ ಬದಲು 28 ಸಿಗುತ್ತೆ. ಇನ್ನೊಂದು, ಒಂದು ಲೀಟರ್ ನೀರಿನ ಬಾಟಲಿಯನ್ನು ಚೀಲದಲ್ಲಿ ಹಾಕಿ ನಡುವಿನ ಪೈಪಿಗೆ, ಕಾಲುಗಳು ಸೇರುವ ಕಡೆ ನೇತು ಹಾಕೋದು. ತಂತಿ ಸ್ಟ್ಯಾಂಡಿನ 20 ಸಾವಿರ 34 ಸಾವಿರ ಆಯಿತು. ನೋಡೋಕೆ ಚೆಂದ ಇರಲ್ಲ, ಕಪ್ಪು ಬಟ್ಟೆಯ ಚೀಲ ಆದರೆ ಯಾರಿಗೂ ಕಾಣಲ್ಲ.

ಹಾಗಾದರೆ ಭಾರದ್ದೇ ತಗೊಂಡರಾಯಿತಲ್ಲ ಅಂದರೆ, ಅಲ್ಲೇ ಇರೋದು ತೊಡಕು. ಅಮೆರಿಕದ ಮ್ಯಾನ್‌ಹ್ಯಾಸೆಟ್‌ನ ಹೆಸರುವಾಸಿ ಸ್ಟ್ಯಾಂಡನ್ನು ಅಲ್ಲಿನ ಶಾಲೆಗಳ ಬ್ಯಾಂಡ್ ಕೋಣೆಗಳಲ್ಲಿ ಕಾಣಬಹುದು. ಗಟ್ಟಿ ಅಲ್ಯೂಮಿನಿಯಂ ಹಲಗೆ, ಉಕ್ಕಿನ ಪಾದ. ಆದರೆ ಅದು ಮಡಚಲ್ಲ. ಕೋಣೆಯಲ್ಲಿ ಇರೋಕೇ ಹುಟ್ಟಿದ್ದು. ನಮ್ಮವರು ಬಸ್ಸಿನಲ್ಲಿ ಹೋಗೋರು. ತಬಲಾದವರು ಹೆಗಲಿಗೊಂದು ಚೀಲ, ಕೈಗೊಂದು ಚೀಲ ಹಿಡಿದು ರಾತ್ರಿ ಹನ್ನೊಂದೂವರೆ ಬಸ್ಸು ಹತ್ತುವಾಗ ‘ಗುರುಗಳೇ, ಇದೂ ಸ್ವಲ್ಪ ಹಿಡ್ಕೊಳ್ಳಿ’ ಅಂತ ಐದು ಸ್ಟ್ಯಾಂಡ್ ಕೊಡೋಕಾಗುತ್ತಾ? ಮಡಚೋಕೆ ಕೀಲು ಬೇಕು, ಕೀಲು ಇದ್ದ ಕಡೆಯೆಲ್ಲ ಅಲುಗಾಟ. ಗಟ್ಟಿತನ, ಮಡಚೋ ಸುಖ ಎರಡೂ ಒಟ್ಟಿಗೆ ಪೂರ್ತಿಯಾಗಿ ಸಿಗಲ್ಲ. ಎಷ್ಟು ಬಿಟ್ಟುಕೊಡಬಹುದು ಅನ್ನೋದಷ್ಟೇ ಪ್ರಶ್ನೆ.

ಕೀಲೇ ಇದ್ದು ಅಲುಗಾಡದ ಒಂದು ಮಡಚುವ ಸ್ಟ್ಯಾಂಡು ನಮ್ಮಲ್ಲಿ ಮೊದಲಿಂದಲೂ ಇದೆ: ವ್ಯಾಸಪೀಠ. ಗಮಕಿಗಳು ಕುಮಾರವ್ಯಾಸ ಭಾರತ ವಾಚಿಸುವಾಗ ಮುಂದೆ ಇಟ್ಟುಕೊಳ್ಳೋದು. ಒಂದೇ ಹಲಗೆಯನ್ನು ಸೀಳಿ, ಮಧ್ಯೆ ಕೈಬೆರಳು ಹೆಣೆದ ಹಾಗೆ ಕೊರೆದಿರ್ತಾರೆ. ಕಳೆದುಹೋಗೋಕೆ ಒಂದು ತಿರುಪೂ ಇಲ್ಲ. ಪುಸ್ತಕ ಭಾರ ಆದಷ್ಟೂ ಇನ್ನೂ ಗಟ್ಟಿಯಾಗಿ ಕೂರುತ್ತೆ. ನೆಲದ ಮೇಲೆ ಕೂತು ನುಡಿಸುವ ನಮ್ಮ ಕೊಳಲಿನವರಿಗೆ ಕೊನೆಗೆ ನಾವು ಕೊಡಿಸಿದ್ದು ಅದನ್ನೇ. ಯಾಕಂದರೆ ಅಂಗಡಿಯಲ್ಲಿ ಸಿಗುವ ಸ್ಟ್ಯಾಂಡುಗಳಲ್ಲಿ ಎಷ್ಟೋ ಪೂರ್ತಿ ಇಳಿಸಿದರೂ ಚಕ್ಕಳಮಕ್ಕಳ ಹಾಕಿ ಕೂತವರ ಮುಖಕ್ಕೆ ಅಡ್ಡ ಬರುತ್ತವೆ. ಅವು ಕುರ್ಚಿಯಲ್ಲಿ ಕೂರೋರಿಗೆ, ನಿಲ್ಲೋರಿಗೆ ಮಾಡಿದವು. ಕೊಳ್ಳುವಾಗ ಎಲ್ಲರೂ ಗರಿಷ್ಠ ಎತ್ತರ ಕೇಳ್ತಾರೆ, ಕನಿಷ್ಠ ಎತ್ತರ ಕೇಳೋರು ಕಮ್ಮಿ.

ನಿಂತು ಹಾಡೋರಿಗೆ ಅಂತ ನಾನು ಅಂಗಡಿಗೆ ಹೋದಾಗ ಅಕ್ಕನ ನೋಟ್‌ಬುಕ್ಕನ್ನೇ ಜೊತೆಗೆ ತಗೊಂಡು ಹೋಗಿದ್ದೆ. ಒಣಗಿಸಿ, ಇಸ್ತ್ರಿ ಹಾಕಿ, ಉಬ್ಬಿದ್ದ ಅದೇ ನೋಟ್‌ಬುಕ್. ಅಂಗಡಿಯವರು ಆರು ಬಗೆ ತೋರಿಸಿ, ‘ಎಲ್ಲಾ ಒಂದೇ ಸಾರ್, ಬಣ್ಣ ಬೇರೆ ಅಷ್ಟೇ’ ಅಂದರು. ಒಂದೇ ಅಲ್ಲ.

ಮೊದಲು ಕಾಲುಗಳನ್ನು ಪೂರ್ತಿ ಅಗಲಿಸಿ, ಪೈಪನ್ನು ಪೂರ್ತಿ ಎತ್ತರಿಸಿ, ಪುಸ್ತಕ ಇಟ್ಟು, ಹಲಗೆಯ ಮೂಲೆಗೆ ಬೆರಳಿನಿಂದ ಒಂದು ಏಟು ಕೊಡಿ. ಒಳ್ಳೇದಾದರೆ ಎರಡು ಸಲ ಅಲ್ಲಾಡಿ ಸುಮ್ಮನಾಗುತ್ತೆ. ಕೆಟ್ಟದು ‘ಇಲ್ಲ ಇಲ್ಲ’ ಅಂತ ತಲೆ ಆಡಿಸ್ತಾನೇ ಇರುತ್ತೆ. ಅಗ್ಗದ್ದರಲ್ಲಿ ಪೈಪಿನೊಳಗೆ ಪೈಪು ಲೊಡಲೊಡ ಅನ್ನುತ್ತೆ. ತಿರುಪು ಬಿಗಿ ಮಾಡಿದಾಗ ಒಂದು ಕಡೆಗೆ ಒತ್ತಿಕೊಂಡು ನಿಂತ ಹಾಗೆ ಕಾಣುತ್ತೆ ಅಷ್ಟೇ.

ಆಮೇಲೆ ಆ ತಿರುಪು. ನನ್ನ ಪ್ರಕಾರ ಇಡೀ ಸ್ಟ್ಯಾಂಡಿನಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ತಿರುಪು ಹೋಗಿ ಕೂರುವ ಕಡಗ ಪ್ಲಾಸ್ಟಿಕ್ಕಿನದಾ, ಲೋಹದ್ದಾ? ಪ್ಲಾಸ್ಟಿಕ್ ಕಡಗದೊಳಗಿನ ಮರೆ ಕೆಲವು ತಿಂಗಳಲ್ಲಿ ಸವೆದುಹೋಗುತ್ತೆ. ಆಮೇಲೆ ಎಷ್ಟು ತಿರುಗಿಸಿದರೂ ಬಿಗಿಯಾಗಲ್ಲ. ಹಾಡಿನ ಮಧ್ಯೆ ಪುಸ್ತಕ ಲಿಫ್ಟಿನ ಹಾಗೆ ಇಳಿಯುತ್ತೆ. ತಿರುಪಿನ ತುದಿ ನೇರವಾಗಿ ಪೈಪಿಗೆ ಕುಟ್ಟುತ್ತಾ, ಇಲ್ಲಾ ಮಧ್ಯೆ ಒಂದು ಪಟ್ಟಿ ಇದ್ದು ಸುತ್ತಲೂ ಹಿಡಿಯುತ್ತಾ ಅಂತಲೂ ನೋಡಿ. ಕುಟ್ಟುವಂಥದ್ದು ಪೈಪನ್ನು ತಗ್ಗು ಮಾಡುತ್ತೆ, ಆಮೇಲೆ ಅದೇ ತಗ್ಗಿಗೇ ಹೋಗಿ ಕೂರುತ್ತೆ, ನಿಮಗೆ ಬೇಕಾದ ಎತ್ತರದಲ್ಲಿ ನಿಲ್ಲಲ್ಲ. ನಾನು ಪ್ರತಿಯೊಂದನ್ನೂ ಹತ್ತು ಸಲ ಸಡಿಲಿಸಿ ಬಿಗಿ ಮಾಡ್ತಾ ಇದ್ದಾಗ ಅಂಗಡಿಯವರು ಬಂದು, ‘ಸಾರ್, ನೀವು ಸ್ಟ್ಯಾಂಡ್ ತಗೋತೀರೋ, ಇಂಟರ್‌ವ್ಯೂ ಮಾಡ್ತೀರೋ?’ ಅಂತ ಕೇಳಿದರು. ಎರಡೂ ಅಂದೆ.

ಹಲಗೆಯಲ್ಲಿ ಎರಡು ಜಾತಿ. ತಂತಿಯದು ಛತ್ರಿಯ ಕಡ್ಡಿಗಳ ಹಾಗೆ ಮಡಚಿಕೊಳ್ಳುತ್ತೆ. ಅದರ ಪ್ರಾಣ ಇರೋದು ರಿವೆಟ್ಟುಗಳಲ್ಲಿ. ಒಂದು ರಿವೆಟ್ ಸಡಿಲ ಆದರೆ ಹಲಗೆ ಒಂದು ಕಡೆಗೆ ವಾಲುತ್ತೆ, ರಿಪೇರಿ ಮಾಡಿಸೋ ಖರ್ಚಿಗೆ ಹೊಸದೇ ಬರುತ್ತೆ. ಅದನ್ನು ಬಿಚ್ಚೋಕೂ ಒಂದು ಕ್ರಮ ಇದೆ, ತಪ್ಪಿದರೆ ಬೆರಳು ಸಿಕ್ಕಿಹಾಕಿಕೊಳ್ಳುತ್ತೆ. ಇನ್ನೊಂದು, ತೂತು ತೂತಿರುವ ತಗಡಿನ ಹಲಗೆ. ಮಧ್ಯೆ ಮಡಚಬಹುದು ಇಲ್ಲವೇ ಪೂರ್ತಿ ಕಳಚಿ ಬೇರೆ ಇಡಬಹುದು. ಬಿಡಿ ಹಾಳೆಗಳನ್ನು ಇಟ್ಟುಕೊಂಡು ಹಾಡೋರಿಗೆ ಇದೇ ಸರಿ, ತಂತಿಯ ಸಂದಿಯಲ್ಲಿ ಹಾಳೆ ಬಾಗಿ ಹಿಂದಕ್ಕೆ ಜಾರೋದಿಲ್ಲ. ಹಾಳೆ ಹಾರದ ಹಾಗೆ ತುಟಿಯಲ್ಲಿ ಎರಡು ಸಣ್ಣ ತಂತಿ ಬೆರಳುಗಳಿರುತ್ತವೆ, ಅವು ಹಾಳೆಗೆ ಸಾಕು, ನೋಟ್‌ಬುಕ್ಕಿಗೆ ಸಾಲದು. ಬಟ್ಟೆ ಒಣಗಿಸುವ ಕ್ಲಿಪ್ಪು ಇವೆರಡಕ್ಕಿಂತ ವಾಸಿ. ಡಜನ್ ಕೊಂಡು ಪ್ರತಿ ಚೀಲದಲ್ಲಿ ನಾಲ್ಕು ಹಾಕಿಟ್ಟಿದ್ದೀವಿ.

ಕಾಲಿನ ರಬ್ಬರ್ ಬುಷ್ ಮರೀಬೇಡಿ. ನಮ್ಮ ಕಡೆ ಬಯಲು ವೇದಿಕೆ ಅಂದರೆ ಹಲಗೆ ಜೋಡಿಸಿ ಮೇಲೆ ಕಾರ್ಪೆಟ್ ಹಾಸಿರ್ತಾರೆ. ಕಾರ್ಪೆಟ್ ಕೆಳಗೆ ಎರಡು ಹಲಗೆ ಮಧ್ಯೆ ಎಷ್ಟು ಸಂದಿ ಇದೆ ಅಂತ ಕಾಣೋದಿಲ್ಲ. ಸ್ಟ್ಯಾಂಡಿನ ತೆಳು ಕಾಲು ಅಲ್ಲಿಗೇ ಹೋಗಿ ಕೂರುತ್ತೆ. ಸ್ಟ್ಯಾಂಡ್ ಇಡೋ ಜಾಗದಲ್ಲಿ ಮೊದಲು ಪಾದದಿಂದ ಒತ್ತಿ ನೋಡೋದು ಅಭ್ಯಾಸ ಆಗಬೇಕು. ಬುಷ್ ಕಳೆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕುರ್ಚಿ ಕಾಲಿನದು ಸಿಗುತ್ತೆ, ಕಾಲಿನ ಅಳತೆ ತಗೊಂಡು ಹೋದರಾಯಿತು.

ಟ್ಯಾಬ್ಲೆಟ್ ಇಟ್ಟುಕೊಂಡು ನುಡಿಸೋರು ಈಗ ಜಾಸ್ತಿ. ನಾನೂ ಅದರಲ್ಲೇ ಕಾರ್ಡ್ಸ್ ನೋಡೋದು. ಅರ್ಧ ಕೆ.ಜಿ. ತೂಕ, 30–40 ಸಾವಿರದ ವಸ್ತು, ಅದನ್ನು 700 ರೂಪಾಯಿಯ ತಂತಿಯ ಮೇಲೆ ಇಡೋ ಧೈರ್ಯ ನನಗಂತೂ ಇಲ್ಲ. ಐಪ್ಯಾಡನ್ನು 35 ಡಿಗ್ರಿವರೆಗಿನ ಹವೆಯಲ್ಲಿ ಬಳಸಿ ಅಂತ ಕಂಪನಿಯೇ ಹೇಳುತ್ತೆ. ಏಪ್ರಿಲ್ ಮಧ್ಯಾಹ್ನ ಶಾಮಿಯಾನದ ಅಂಚಿನಲ್ಲಿ ಬಿಸಿಲು ಬಿದ್ದರೆ ಅದನ್ನು ದಾಟೋದು ಕಷ್ಟವೇನಲ್ಲ. ಹಾಗಾಗಿ ಹಗಲು ಕಾರ್ಯಕ್ರಮಕ್ಕೆ ಕಾಗದವೂ ಜೊತೆಗಿರಲಿ. ಸಂಜೆಯ ಕಾರ್ಯಕ್ರಮಕ್ಕೆ ಸಣ್ಣ ಎಲ್‌ಇಡಿ ದೀಪ ಸಿಕ್ಕಿಸ್ತಾರೆ. ಮಳೆಗಾಲದಲ್ಲಿ ಆ ದೀಪಕ್ಕೆ ಹುಳ ಮುತ್ತಿ, ಗಾಯಕರು ಬಾಯಿ ತೆರೆಯೋಕೆ ಹೆದರಿದ್ದನ್ನೂ ನೋಡಿದ್ದೀನಿ. ಹಳದಿ ಬೆಳಕಿನದಾದರೆ ಸ್ವಲ್ಪ ಕಮ್ಮಿ.

ದುಡ್ಡಿನ ವಿಷಯ. ನಾನು ವಿಚಾರಿಸಿದಾಗ ತಂತಿಯದು 600ರಿಂದ 900 ರೂಪಾಯಿ. ತಗಡಿನ ಹಲಗೆಯ ಗಟ್ಟಿಮುಟ್ಟಾದ ಮಡಚೋ ಸ್ಟ್ಯಾಂಡು ಎರಡೂವರೆಯಿಂದ ಮೂರೂವರೆ ಸಾವಿರ. ಜರ್ಮನಿಯ ಕೋನಿಗ್ ಅಂಡ್ ಮೆಯರ್ ಥರದ, 1949ರಿಂದ ಸ್ಟ್ಯಾಂಡ್ ಮಾಡ್ಕೊಂಡು ಬಂದಿರೋ ಕಂಪನಿಗಳದ್ದು ಇನ್ನೂ ಮೇಲೆ. ಆ ಮೇಲಿನದಕ್ಕೆ ನಮಗೆ ಕೈ ಎಟುಕಲಿಲ್ಲ, ಅದು ಬೇಕು ಅಂತಲೂ ಅನ್ನಿಸಲಿಲ್ಲ. ಏಳು ಜನಕ್ಕೂ ಗಟ್ಟಿ ಸ್ಟ್ಯಾಂಡ್ ಬೇಕಿಲ್ಲ ಅನ್ನೋದು ನನ್ನ ವಾದ. ವೇದಿಕೆಯ ಅಂಚಿನಲ್ಲಿ ನಿಂತು, ಗಾಳಿಗೆ ಮುಖವೋ ಬೆನ್ನೋ ಕೊಟ್ಟು ಹಾಡುವ ಇಬ್ಬರಿಗೆ ಮೂರು ಕೆ.ಜಿ.ಯದು. ಒಳಗೆ ಕೂರೋರಿಗೆ ಇರೋ ತಂತಿಯದೇ ಸಾಕು, ಬಾಟಲಿ ನೇತು ಹಾಕಿ. ತಂಡದ ದುಡ್ಡಿನಿಂದ ಎರಡು ಕೊಂಡೆವು, 6 ಸಾವಿರ ಚಿಲ್ಲರೆ. ಒಂದು ಕಾರ್ಯಕ್ರಮದಲ್ಲಿ ಎಲ್ಲರ ಪಾಲಿನಿಂದಲೂ ಸ್ವಲ್ಪ ಸ್ವಲ್ಪ ಮುರಿದುಕೊಂಡಾಗ ಗೊಣಗಾಟ ಇತ್ತು. ರಿದಂ ಪ್ಯಾಡಿನ ಹುಡುಗ, ‘ಅಣ್ಣಾ, ನಂಗೆ ಸ್ಟ್ಯಾಂಡೇ ಬೇಡ, ನಾನ್ಯಾಕೆ ಕೊಡ್ಲಿ?’ ಅಂದ. ಹದಿನಾಲ್ಕೇ ಹಾಡಿಗೆ ಇನ್ನೆಷ್ಟು ಸಲ ಕರೀತಾರೆ ಅಂತ ನಾನು ಕೇಳಿದೆ. ಕೊಟ್ಟ.

ಮಡಚಿದಾಗ ಅದರ ಉದ್ದ ಸುಮಾರು ಎರಡು ಅಡಿ, ಹಲಗೆ ಬೇರೆ. ಜೊತೆಗೆ ಬಂದ ಚೀಲದ ಜಿಪ್ಪು ಮೂರನೇ ಸಲಕ್ಕೇ ಕಿತ್ತುಬಂತು. ಅಕ್ಕ ಹಳೇ ಕಾಟನ್ ಸೀರೆಯ ಎರಡು ಪದರ ಸೇರಿಸಿ, ಹೆಗಲಿಗೆ ಹಾಕೋ ಪಟ್ಟಿ ಇಟ್ಟು ತಾವೇ ಒಂದು ಚೀಲ ಹೊಲಿದುಕೊಂಡರು. ಒಳಗೆ ಒಂದು ಜೇಬು. ಅದರಲ್ಲಿ ಒಂದು ಹೆಚ್ಚುವರಿ ತಿರುಪು, ಎರಡು ಬುಷ್, ಕ್ಲಿಪ್ಪು, ಒಂದು ತುಂಡು ಹಗ್ಗ.

ನವೆಂಬರಿನ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಒಪ್ಪಿಕೊಳ್ಳೋ ಮುಂಚೆ ಅಕ್ಕ ಅದನ್ನು ತಮ್ಮ ಮನೆ ತಾರಸಿ ಮೇಲೆ ಇಟ್ಟು ಮೂರು ಸಂಜೆ ಹಾಡಿ ನೋಡಿದರಂತೆ. ನಾಲ್ಕನೇ ದಿನ ನನಗೆ ಫೋನ್ ಮಾಡಿ, ‘ಆ ಹೊಸದು ಯಾವ್ದೋ ರಾಗ ಹಾಕಿದ್ರಲ್ಲಪ್ಪಾ, ಅದರ ಸಾಹಿತ್ಯ ಕಳಿಸು, ಬರ್ಕೋತೀನಿ’ ಅಂದರು. ಒಂದಲ್ಲ, ಮೂರು ಹೊಸದು ಹಾಡಿದರು ಅವತ್ತು. ಈಗ ನಮ್ಮ ಪಟ್ಟಿಯಲ್ಲಿ ಇಪ್ಪತ್ತಾರು ಹಾಡುಗಳಿವೆ.

ಕಾರ್ಯಕ್ರಮ ಮುಗಿದು ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಕಪ್ಪು ಸ್ಟ್ಯಾಂಡುಗಳೆಲ್ಲ ಒಂದೇ ಥರ ಕಾಣುತ್ತವೆ, ಬೇರೆ ತಂಡದ ಚೀಲಕ್ಕೆ ಹೋಗಿಬಿಡುತ್ತವೆ. ಅದಕ್ಕೆ ಅಕ್ಕ ತಮ್ಮ ಸ್ಟ್ಯಾಂಡಿನ ಒಂದು ಕಾಲಿಗೆ ಕೆಂಪು ನೈಲ್ ಪಾಲಿಶ್ ಹಚ್ಚಿದ್ದಾರೆ. ಗುರುತೂ ಆಯಿತು, ಪ್ರೇಕ್ಷಕರ ಕಡೆಗೆ ಇಡಬೇಕಾದ ಕಾಲು ಯಾವುದು ಅಂತಲೂ ಆಯಿತು. ಪೈಪಿನ ಮೇಲೆ ಇನ್ನೂ ಎರಡು ಗೆರೆ ಎಳೆದಿದ್ದಾರೆ. ಮೇಲಿನದು ನಿಂತು ಹಾಡುವಾಗಿನ ಎತ್ತರ. ಕೆಳಗಿನದು ಮಂಡಿ ನೋವಿದ್ದ ದಿನ ಕುರ್ಚಿ ಕೇಳಿದರೆ ಅಂತ.